ಟೇಲರ್ ಸ್ವಿಫ್ಟ್ ಹೇಳಿದ್ರೆ ಓಟ್ ಬೀಳುತ್ತಾ? (ಮನೇಲಿ ಜಗಳ ಆಗಿದೆ, ಯಾರಾದ್ರೂ ತೀರ್ಪು ಕೊಡಿ)

ಮಸಾಲೆಪುರಿ_ಮೈಸೂರು
ಮೊನ್ನೆ ಭಾನುವಾರ ಚಿಕ್ಕಪ್ಪನ ಮನೇಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಮುಗಿಸ್ಕೊಂಡು ಎಲ್ಲ ಚಾಪೆ ಮೇಲೆ ಕೂತಿದ್ವಿ, ಎಲೆಅಡಿಕೆ ತಟ್ಟೆ ಸುತ್ತು ಬರ್ತಿತ್ತು, ಅಷ್ಟರಲ್ಲಿ ಚಿಕ್ಕಪ್ಪನ ಮಗಳು (ಸೆಕೆಂಡ್ ಪಿಯುಸಿ) ಶುರು ಹಚ್ಕೊಂಡ್ಲು, "ಹಾಡುಗಾರ್ತಿ ಟೇಲರ್ ಸ್ವಿಫ್ಟ್ ಅಷ್ಟು ಓಪನ್ನಾಗಿ ಸಪೋರ್ಟ್ ಮಾಡಿದ್ರೂ ಕಮಲಾ ಹ್ಯಾರಿಸ್ 2024ರಲ್ಲಿ ಟ್ರಂಪ್ ಎದುರು ಸೋತ್ರಲ್ಲ, ಅಮೆರಿಕಾದೋರಿಗೆ ತಲೆನೇ ಇಲ್ಲ" ಅಂತ. ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ತಾ "ಮಾಡಿದ್ರೂ ಸೋತಿದ್ದಲ್ಲಮ್ಮ, ಮಾಡಿದ್ದಕ್ಕೇ ಸೋತಿದ್ದು" ಅಂದ್ರು. ಮುಗೀತು. ಒಂದು ಗಂಟೆ ಕಿರುಚಾಟ. ಪಕ್ಕದ ಬೀದಿ ಯುಜಿಡಿ ಎರಡು ತಿಂಗಳಿಂದ ಉಕ್ಕಿ ಹರೀತಿದೆ, ಅದರ ಬಗ್ಗೆ ಒಬ್ರೂ ಬಾಯಿ ಬಿಡಲ್ಲ, ಪೆನ್ಸಿಲ್ವೇನಿಯಾ ಅಂದ್ರೆ ಮಾತ್ರ ಎಲ್ಲರಿಗೂ ಪಿತ್ತ ನೆತ್ತಿಗೇರತ್ತೆ.

ಸೀರಿಯಸ್ಸಾಗಿ ಕೇಳ್ತಿದೀನಿ. ಅಲ್ಲಿ ಸಿನಿಮಾದೋರು ಹಾಡೋರು ಹೇಳಿದ್ರೆ ಓಟ್ ಬೀಳುತ್ತಾ ಇಲ್ವಾ? ಗೊತ್ತಿರೋರು ಹೇಳಿ, ವಾಟ್ಸಾಪ್ ಫಾರ್ವರ್ಡ್ ತಂದು ಸುರೀಬೇಡಿ.

ತಟ್ಟೆಇಡ್ಲಿ_ತುಮಕೂರು
ಇದ್ರಲ್ಲಿ ಕೇಳೋದೇನಿದೆ ಗುರು. ಎಲೆಕ್ಟೋರಲ್ ಓಟಲ್ಲಿ ಟ್ರಂಪ್ 312, ಕಮಲಾ 226. ಹಾಡೋರು ಸ್ವಿಫ್ಟು, ಬಿಯಾನ್ಸೆ, ಟಿವಿ ಶೋದ ಓಪ್ರಾ, ಹಾಲಿವುಡ್ಡಿಗೆ ಹಾಲಿವುಡ್ಡೇ ಒಂದ್ ಕಡೆ ನಿಂತಿತ್ತು, ಏನ್ ಕಿತ್ರು? ನಿಮ್ ಚಿಕ್ಕಪ್ಪಂಗೆ ನನ್ ಕಡೆಯಿಂದ ಒಂದು ಸ್ಪೆಷಲ್ ಬೀಡಾ.

ಸುಮ್ನೆ_ಓದೋನು
ಪಾಪ್‌ಕಾರ್ನ್ ಬೇಡ, ಮಂಡಕ್ಕಿ ತಗೊಂಡು ಕೂತಿದೀನಿ. ಮುಂದುವರೀಲಿ.

ಅಂಕಿಸಂಖ್ಯೆ_ಆಚಾರ್
ಸ್ವಲ್ಪ ನಿಧಾನ. ಮೊದಲು ಏನಾಯ್ತು ಅಂತ ನೋಡೋಣ. 2024 ಸೆಪ್ಟೆಂಬರ್ 10ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಟ್ರಂಪ್-ಕಮಲಾ ಡಿಬೇಟ್ ಮುಗಿದ ಬೆನ್ನಿಗೇ ಸ್ವಿಫ್ಟ್ ಇನ್‌ಸ್ಟಾದಲ್ಲಿ ಹಾಕಿದ್ರು, ಬೆಕ್ಕು ಎತ್ಕೊಂಡಿರೋ ಫೋಟೋ, ಕೆಳಗೆ ತನ್ನನ್ನ 'ಮಕ್ಕಳಿಲ್ಲದ ಬೆಕ್ಕಿನ ಹೆಂಗಸು' ಅಂತ ಕರ್ಕೊಂಡು ಸಹಿ. ಅದು ಟ್ರಂಪ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜೆ.ಡಿ. ವ್ಯಾನ್ಸ್ 2021ರಲ್ಲಿ ಆಡಿದ್ದ ಮಾತಿಗೆ ಕೊಟ್ಟ ಕುಟುಕು. ಜೊತೆಗೆ ಸರ್ಕಾರದ ಮತದಾರರ ಮಾಹಿತಿ ಸೈಟಿಗೆ ಒಂದು ಲಿಂಕ್. 24 ಗಂಟೇಲಿ ಆ ಲಿಂಕ್ ಒತ್ತಿ ಒಳಗೆ ಹೋದೋರು 4 ಲಕ್ಷಕ್ಕೂ ಜಾಸ್ತಿ. ಇಲ್ಲೀವರೆಗೆ ನಿಮ್ಮ ತಂಗಿ ಕರೆಕ್ಟು.

ಆದ್ರೆ ಲಿಂಕ್ ಒತ್ತಿದೋರೆಲ್ಲ ರಿಜಿಸ್ಟರ್ ಮಾಡ್ಸಲ್ಲ, ರಿಜಿಸ್ಟರ್ ಮಾಡ್ಸಿದೋರೆಲ್ಲ ಓಟ್ ಹಾಕಲ್ಲ, ಹಾಕಿದ್ರೂ ಎಲ್ಲಿ ಹಾಕ್ತಾರೆ ಅನ್ನೋದು ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ 10 ಲಕ್ಷ ಜನ ಕಮಲಾಗೆ ಹಾಕಿದ್ರೂ ಎಲೆಕ್ಟೋರಲ್ ಓಟ್ ಒಂದೂ ಏರಲ್ಲ, ಆ ರಾಜ್ಯದ ಎಲೆಕ್ಟೋರಲ್ ಓಟ್ ಎಲ್ಲ ಅಲ್ಲಿ ಗೆದ್ದೋರಿಗೇ ಹೋಗುತ್ತೆ, ಕಮಲಾ ಅಲ್ಲಿ ಆಗ್ಲೇ ಗೆದ್ದಾಗಿದೆ.

ಇನ್ನೊಂದು, ಇದು ಆಕೆಗೆ ಮೊದಲನೇ ಸಲ ಅಲ್ಲ. 2018ರಲ್ಲಿ ಟೆನೆಸಿ ಸೆನೆಟ್ ಚುನಾವಣೇಲಿ ಫಿಲ್ ಬ್ರೆಡೆಸನ್ ಅನ್ನೋರಿಗೆ ಸಪೋರ್ಟ್ ಅಂತ ಹಾಕಿದ್ರು. ಅದು ಆಕೆ ಹಾಡು ಶುರು ಮಾಡಿದ ನ್ಯಾಶ್‌ವಿಲ್ ಇರೋ ರಾಜ್ಯ, ತವರುಮನೆ ಇದ್ದಂಗೆ. ಆಗ್ಲೂ ರಿಜಿಸ್ಟ್ರೇಷನ್ ಒಂದೇ ಸಲ ಜಿಗೀತು ಅಂತ ಪೇಪರೆಲ್ಲ ಬರೆದ್ವು. ಎದುರು ನಿಂತಿದ್ದ ಮಾರ್ಷಾ ಬ್ಲ್ಯಾಕ್‌ಬರ್ನ್ ಹತ್ತು ಪರ್ಸೆಂಟ್ ಪಾಯಿಂಟ್ ಮೇಲೆ ಗೆದ್ರು.

ತಟ್ಟೆಇಡ್ಲಿ_ತುಮಕೂರು
ಅದನ್ನೇ ನಾನು ಒಂದೇ ಸಾಲಲ್ಲಿ ಹೇಳಿದ್ದು, ನೀವು ಪ್ರಬಂಧ ಬರೆದ್ರಿ 😄

ನ್ಯೂಜೆರ್ಸಿ_ನಾಗರತ್ನ
ನಾನು 1998ರಿಂದ ಇಲ್ಲಿದೀನಿ, ಓಟೂ ಇದೆ, ಹಾಗಾಗಿ ನನ್ನದೂ ಒಂದು ಮಾತು. ನನ್ನ ಮಗಳು 2023 ಮೇನಲ್ಲಿ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಸ್ವಿಫ್ಟ್ ಶೋಗೆ ಹೋಗಿದ್ಲು, ಅದಕ್ಕೆ ಮುಂಚೆ ಎರಡು ವಾರ ನಮ್ಮ ಡೈನಿಂಗ್ ಟೇಬಲ್ ಮೇಲೆ ಊಟ ಇಲ್ಲ, ಬರೀ ಮಣಿ, ಮಣಿ, ಮಣಿ. ಬ್ರೇಸ್‌ಲೆಟ್ ಪೋಣಿಸಿ ಪೋಣಿಸಿ ಅಲ್ಲಿ ಗುರುತಿಲ್ಲದೋರ ಜೊತೆ ಬದಲಾಯಿಸ್ಕೊಳ್ಳೋದಂತೆ. ಅವಳನ್ನ ಬಿಡಕ್ಕೆ ಹೋದಾಗ ಪಾರ್ಕಿಂಗ್‌ನಲ್ಲಿ ನೋಡಿದೀನಿ, ಟ್ರಂಪ್ ಸ್ಟಿಕ್ಕರ್ ಇರೋ ದೊಡ್ಡ ಪಿಕಪ್ ಟ್ರಕ್ಕಿಂದ ಅಪ್ಪ ಒಬ್ಬ ಮಿಣಮಿಣ ಅನ್ನೋ ಫ್ರಾಕ್ ಹಾಕಿದ ಎರಡು ಹೆಣ್ಣುಮಕ್ಕಳನ್ನ ಇಳಿಸ್ತಿದ್ದ. ಆ ಮನೆ ಓಟು ಒಂದು ಪೋಸ್ಟಿಂದ ಬದಲಾಗುತ್ತಾ? ಆ ಮಕ್ಕಳು ಹಾಡು ಕೇಳೋದೂ ಬಿಡಲ್ಲ, ಅಪ್ಪ ಟ್ರಂಪ್‌ನೂ ಬಿಡಲ್ಲ. ಅದು ಅದೇ, ಇದು ಇದೇ.

ಮತ್ತೆ ಚಿಕ್ಕಪ್ಪ ಹೇಳಿದ ಹಾಗೆ 'ಅದಕ್ಕೇ ಸೋತಿದ್ದು' ಅನ್ನೋದೂ ಸರಿಯಿಲ್ಲ. ನ್ಯೂಜೆರ್ಸಿ ನೋಡಿ, 2020ರಲ್ಲಿ ಬೈಡನ್ ಸುಮಾರು 16 ಪಾಯಿಂಟಲ್ಲಿ ಗೆದ್ದಿದ್ರು, 2024ರಲ್ಲಿ ಕಮಲಾ ಗೆದ್ದಿದ್ದು ಬರೀ 6ರಲ್ಲಿ. ನಮ್ಮ ಕಡೆ ಆ ವರ್ಷ ಯಾರ ಬಾಯಲ್ಲೂ ಸ್ವಿಫ್ಟ್ ಇರಲಿಲ್ಲ. ಮೊಟ್ಟೆ ರೇಟು, ಬಾಡಿಗೆ, ಕಾರ್ ಇನ್ಶೂರೆನ್ಸು. ಇಂಡಿಯನ್ ಗ್ರೋಸರಿ ಅಂಗಡಿ ಬಿಲ್ಲಿಂಗ್ ಕ್ಯೂನಲ್ಲಿ ನಿಂತ್ರೆ ಸಾಕು, ಎಕ್ಸಿಟ್ ಪೋಲ್ ಅಲ್ಲೇ ಆಗೋಗ್ತಿತ್ತು.

ಕುಡ್ಲದ_ಬೊಂಡ
ಹಾಗಾದ್ರೆ ಓಪ್ರಾದ್ದು ಎಂಥ ಕಥೆ ಮಾರಾಯ್ರೆ? ಒಬಾಮ ಗೆದ್ದದ್ದೇ ಅವಳಿಂದ ಅಂತ ಹೇಳ್ತಾರಲ್ಲ.

ಅಂಕಿಸಂಖ್ಯೆ_ಆಚಾರ್
ಅಬ್ಬಾ ಸರಿಯಾದ ಪ್ರಶ್ನೆ ಬಂತು. ಗಾರ್ತ್‌ವೇಟ್, ಮೂರ್ ಅಂತ ಇಬ್ರು ಅರ್ಥಶಾಸ್ತ್ರದೋರು ಇದನ್ನೇ ಲೆಕ್ಕ ಹಾಕಿದಾರೆ. ಜನರನ್ನ "ಓಪ್ರಾ ಹೇಳಿದ್ದಕ್ಕೆ ಹಾಕಿದ್ರಾ" ಅಂತ ಕೇಳಿದ್ರೆ ಯಾರೂ ಹೌದು ಅನ್ನಲ್ಲ, ಮರ್ಯಾದೆ ಪ್ರಶ್ನೆ. ಅದಕ್ಕೆ ಅವ್ರೇನ್ ಮಾಡಿದ್ರು, ಓಪ್ರಾ ಮ್ಯಾಗಝೀನ್ ಯಾವ ಕೌಂಟೀಲಿ (ನಮ್ಮ ಜಿಲ್ಲೆ ಥರ) ಎಷ್ಟು ಹೋಗುತ್ತೆ, ಆಕೆ ಬುಕ್ ಕ್ಲಬ್ಬಲ್ಲಿ ಹೆಸರು ಹೇಳಿದ ಪುಸ್ತಕ ಎಲ್ಲಿ ಜಾಸ್ತಿ ಮಾರಾಟ ಆಗುತ್ತೆ ಅಂತ ನೋಡಿ, ಅದನ್ನ 2008ರ ಡೆಮಾಕ್ರಟಿಕ್ ಪ್ರೈಮರಿ ರಿಸಲ್ಟ್ ಪಕ್ಕ ಇಟ್ರು. ಎಲ್ಲಿ ಓಪ್ರಾ ಪ್ರಭಾವ ಜಾಸ್ತಿ ಅಲ್ಲಿ ಒಬಾಮಗೆ ಓಟು ಜಾಸ್ತಿ, ಬೇರೆ ಕಾರಣ ಎಲ್ಲ ಕಳೆದ ಮೇಲೂ. ಅವ್ರ ಅಂದಾಜು ಸುಮಾರು 10 ಲಕ್ಷ ಓಟು.

ಗಮನಿಸಿ, ಪ್ರೈಮರಿ. ಒಂದೇ ಪಕ್ಷದೊಳಗೆ ಒಬಾಮ ವರ್ಸಸ್ ಹಿಲರಿ. ಇಬ್ರಿಗೂ ಪಾಲಿಸಿಯಲ್ಲಿ ಕೂದಲೆಳೆ ವ್ಯತ್ಯಾಸ, ಮತದಾರ ಯಾರಿಗೆ ಹಾಕಿದ್ರೂ ಮನೆಗೇ ಹಾಕಿದಂಗೆ, ಹೊಸ ಮುಖದ ಬಗ್ಗೆ ಸ್ವಲ್ಪ ಅನುಮಾನ. ಅಲ್ಲಿ ನಂಬಿಕೆ ಇರೋ ಒಬ್ಬಾಕೆ ಬಂದು "ಈ ಹುಡುಗ ಒಳ್ಳೇನು" ಅಂದ್ರೆ ಕೆಲಸ ಆಗುತ್ತೆ. ಹೆಣ್ಣು ತೋರ್ಸಕ್ಕೆ ಬಂದಾಗ ಸೋದರತ್ತೆ ಒಂದು ಮಾತು ಹಾಕಿದಂಗೆ. 2024ರ ನವೆಂಬರಲ್ಲಿ ಟ್ರಂಪ್ ಬಗ್ಗೆ ಯಾರಿಗೂ ಪರಿಚಯ ಮಾಡ್ಕೊಡೋ ಅಗತ್ಯ ಇರಲಿಲ್ಲ. ಮದುವೆಯಾಗಿ ಒಂದ್ಸಲ ಡೈವೋರ್ಸ್ ಆಗಿರೋ ಗಂಡಿನ ಬಗ್ಗೆ ಸೋದರತ್ತೆ ಏನ್ ಹೊಸದಾಗಿ ಹೇಳ್ತಾಳೆ?

ನ್ಯೂಜೆರ್ಸಿ_ನಾಗರತ್ನ
😂😂 ಆಚಾರ್ರೇ ಇದನ್ನ ನಮ್ಮ ಯಜಮಾನ್ರಿಗೆ ಓದಿ ಹೇಳ್ದೆ, ಕಾಫಿ ಮೂಗಿಗೆ ಹೋಯ್ತು.

ತಟ್ಟೆಇಡ್ಲಿ_ತುಮಕೂರು
ಓಪ್ರಾ ಬಿಟ್ಟಿ ಬಂದಿಲ್ಲ 2024ರಲ್ಲಿ. 10 ಲಕ್ಷ ಡಾಲರ್ ತಗೊಂಡು ಸಪೋರ್ಟ್ ಮಾಡಿದ್ದು. ಇದನ್ನ ಯಾಕೆ ಯಾರೂ ಹೇಳಲ್ಲ?

ಅಂಕಿಸಂಖ್ಯೆ_ಆಚಾರ್
ಹೇಳ್ತೀನಿ. ಕಮಲಾ ಪ್ರಚಾರ ಖಾತೆಯಿಂದ ಓಪ್ರಾ ಕಂಪನಿ ಹಾರ್ಪೋಗೆ 10 ಲಕ್ಷ ಡಾಲರ್ ಹೋಗಿದ್ದು ದಾಖಲೇಲೇ ಇದೆ. ಡೆಟ್ರಾಯ್ಟ್ ಹತ್ರ ನಡೆದ ಲೈವ್ ಕಾರ್ಯಕ್ರಮದ ಸೆಟ್ಟು, ಲೈಟು, ಕ್ಯಾಮೆರಾ, ಸಿಬ್ಬಂದಿ ಖರ್ಚು ಅದು, ತನ್ನ ಕೈಗೆ ಒಂದು ಪೈಸೆ ಬಂದಿಲ್ಲ ಅಂತ ಆಕೆ ಹೇಳಿದ್ರು. ಅಲ್ಲಿ ಹಾಗೆ ಮಾರ್ಕೆಟ್ ರೇಟಲ್ಲಿ ಕೊಡಲೇಬೇಕು, ಇಲ್ಲಾಂದ್ರೆ ಕಂಪನಿ ಪ್ರಚಾರಕ್ಕೆ ದೇಣಿಗೆ ಕೊಟ್ಟಂಗೆ ಆಗಿ ಕಾನೂನಿನ ತೊಂದ್ರೆ. ಪೆಂಡಾಲ್‌ನೋನಿಗೆ ದುಡ್ಡು ಕೊಟ್ಟಿದ್ದನ್ನ ಮದುವೆಗಂಡಿಗೆ ವರದಕ್ಷಿಣೆ ಕೊಟ್ರು ಅಂದ್ರೆ ಹೆಂಗೆ.

ಹುಬ್ಬಳ್ಳಿ_ಗಿರ್ಮಿಟ್
ಅಣ್ಣಾರ, ಅಕ್ಕಾರ, ಆಗಿನಿಂದ ಹಾಡೋರ ಬಗ್ಗೆನ ಮಾತಾಡಾಕತ್ತೀರಿ, ಕುಸ್ತಿ ಬಿಟ್ಟೀರಿ ನೋಡ್ರಿ. ನಾವು ಸಣ್ಣಾವ್ರಿದ್ದಾಗ ಡಬ್ಲ್ಯೂ ಡಬ್ಲ್ಯೂ ಈ ಕಾರ್ಡ್ ಆಡ್ತಿದ್ವಿ, ಅಂಡರ್‌ಟೇಕರ್ ಕಾರ್ಡಿಗೆ ನಾಕ್ ಕಾರ್ಡ್ ಕೊಡಬೇಕಿತ್ತು. ಟ್ರಂಪ್‌ನ ನಾ ಮದ್ಲ ನೋಡಿದ್ದು ಅಲ್ಲೆ. 2007, ಡೆಟ್ರಾಯ್ಟ್, ರೆಸಲ್‌ಮೇನಿಯಾ 23. ಟ್ರಂಪ್ ಕಡಿಂದ ಬಾಬಿ ಲ್ಯಾಶ್ಲಿ, ಮಾಲೀಕ ವಿನ್ಸ್ ಮೆಕ್‌ಮಹಾನ್ ಕಡಿಂದ ಉಮಾಗಾ, ಯಾರ ಪೈಲ್ವಾನ ಸೋಲ್ತಾನ ಅವನ ಯಜಮಾನನ ತಲಿ ಬೋಳಸೋದು ಅಂತ ಪಣ. ಲ್ಯಾಶ್ಲಿ ಗೆದ್ದ, ರಿಂಗಿನ್ಯಾಗ ಟ್ರಂಪ್ ನಿಂತು ಮಾಲೀಕನ ತಲಿ ಬೋಳಿಸಿದ. ಮ್ಯಾಲೆ ಸ್ಟೋನ್ ಕೋಲ್ಡ್ ಅನ್ನೋ ಪೈಲ್ವಾನ ಬಂದು ಟ್ರಂಪ್‌ಗೂ ಒಂದು ಸ್ಟನ್ನರ್ ಪಟ್ಟು ಹೊಡದ. ಮುಂದ ಅಮೆರಿಕಾದ ಅಧ್ಯಕ್ಷ ಆಗಾವ ಕ್ಯಾನ್ವಾಸ್ ಮ್ಯಾಲೆ ಅಡ್ಡ ಬಿದ್ದಿದ್ದ, ನಾವು ಕೇಕೆ ಹಾಕಾಕತ್ತಿದ್ವಿ.

ಅದಕ್ಕೂ ಮದ್ಲ 1988, 89ರಾಗ ಎರಡು ರೆಸಲ್‌ಮೇನಿಯಾ ಅಟ್ಲಾಂಟಿಕ್ ಸಿಟಿಯೊಳಗ ಇವರ ಕ್ಯಾಸಿನೋ ಹೆಸರಿನ್ಯಾಗ ಆಗ್ಯಾವು. 2013ರಾಗ ಹಾಲ್ ಆಫ್ ಫೇಮಿಗೂ ಸೇರಿಸ್ಯಾರ. 2024ರ ಟ್ರಂಪ್ ಪಾರ್ಟಿ ಸಮಾವೇಶದಾಗ ಪೈಲ್ವಾನ ಹಲ್ಕ್ ಹೋಗನ್ ಬಂದು ಅಂಗಿ ಹರಕೊಂಡ. ಆ ವಿನ್ಸ್‌ನ ಹೆಂಡತಿ ಲಿಂಡಾ ಮೆಕ್‌ಮಹಾನ್ ಈಗ ಶಿಕ್ಷಣ ಮಂತ್ರಿ! ಮತ್ತ "ಸ್ಟಾರ್ ಎಲ್ಲಾ ಒಂದ ಕಡೆ" ಅಂತೀರಿ. ಎರಡೂ ಕಡೆ ಇದ್ರು ಬಿಡ್ರಿ, ನಿಮಗ ಯಾವ ಚಾನೆಲ್ ಕಾಣಸ್ತಿತ್ತು ಅಷ್ಟ.

ಕುಡ್ಲದ_ಬೊಂಡ
ಗಿರ್ಮಿಟ್ ಹೇಳಿದ್ದು ಪಾಯಿಂಟ್ ಉಂಟು. ನಮ್ಮಲ್ಲಿ ಯಕ್ಷಗಾನ ಆಟಕ್ಕೆ ಹೋದ್ರೆ ರಾತ್ರಿ ಎರಡು ಗಂಟೆಗೆ ಅರ್ಧ ಜನ ತೂಕಡಿಸ್ತಾ ಇರ್ತಾರೆ, ಬಣ್ಣದ ವೇಷ ಬರುವಾಗ ದೊಂದಿಗೆ ರಾಳದ ಪುಡಿ ಎಸೆದು ಬೆಂಕಿ ಎಬ್ಬಿಸ್ತಾರೆ ನೋಡಿ, ಚೆಂಡೆ ಏರ್ತದೆ, ಅಮ್ಮನ ಮಡಿಲಲ್ಲಿ ಮಲಗಿದ್ದ ಮಗುವೂ ಎದ್ದು ಕೂರ್ತದೆ. ರಾಕ್ಷಸ ಅಂತ ಎಲ್ಲರಿಗೂ ಗೊತ್ತು, ಸೋಲ್ತಾನೆ ಅಂತಲೂ ಗೊತ್ತು, ಆದ್ರೂ ಜನ ನೋಡ್ಲಿಕ್ಕೆ ಕಾಯುವುದು ಅವನನ್ನೇ. ಟ್ರಂಪ್ ರ‍್ಯಾಲಿ ವಿಡಿಯೋ ನೋಡುವಾಗ ನನಗೆ ಅದೇ ನೆನಪಾಗುವುದು. ಕುಸ್ತಿಯವರು ಇದಕ್ಕೆ ಕೇಫೇಬ್ ಅಂತಾರೆ, ಆಟ ಅಂತ ಇಬ್ಬರಿಗೂ ಗೊತ್ತುಂಟು, ಇಬ್ಬರೂ ಬಾಯಿ ಬಿಡುವುದಿಲ್ಲ. ನಾವು ದೂರದಿಂದ "ಅವನು ಸುಳ್ಳು ಹೇಳಿದ" ಅಂತ ಫ್ಯಾಕ್ಟ್ ಚೆಕ್ ಮಾಡಿಕೊಂಡು ಕೂತ್ಕೊಳ್ಳುವುದು.

(ರಾಕ್ಷಸ ಅಂದದ್ದು ವೇಷಕ್ಕೆ, ಮನುಷ್ಯನಿಗಲ್ಲ. ತುಮಕೂರಿನವರು ಬೈಬೇಡಿ.)

ತಟ್ಟೆಇಡ್ಲಿ_ತುಮಕೂರು
ಬೈಯಲ್ಲ ಬಿಡಿ, ಹೋಲಿಕೆ ಚೆನ್ನಾಗಿದೆ. ಆದ್ರೆ ಈ ವೇಷ ಎರಡು ಸಲ ಗೆದ್ದಿದೆ, ಪ್ರಸಂಗ ಬದಲಾಯ್ಸಿ.

ಅಂಕಿಸಂಖ್ಯೆ_ಆಚಾರ್
ನಾನು ಹೇಳ್ಬೇಕು ಅಂದ್ಕೊಂಡಿದ್ದೂ ಇದೇ ದಾರಿ. ನಾವೆಲ್ಲ ತಪ್ಪು ಪ್ರಶ್ನೆ ಕೇಳ್ತಿದೀವಿ. ಸ್ಟಾರ್ ಬಂದು "ಅವರಿಗೆ ಹಾಕಿ" ಅನ್ನೋದು ಒಂದು ದಿನದ ಸುದ್ದಿ. ಆದ್ರೆ 2004 ಜನವರಿಯಿಂದ ವಾರವಾರ ರಾತ್ರಿ ಊಟದ ಹೊತ್ತಿಗೆ ದೊಡ್ಡ ಕುರ್ಚೀಲಿ ಕೂತು ಒಬ್ಬ ಮನುಷ್ಯ ತೀರ್ಮಾನ ಕೊಡೋದನ್ನ, "ನಿನ್ನ ಕೆಲಸ ಹೋಯ್ತು" ಅನ್ನೋದನ್ನ, 14 ಸೀಸನ್ ನೋಡಿದ ಜನ ಇದಾರಲ್ಲ, ಅದು ಸುದ್ದಿ ಅಲ್ಲ, ಅಭ್ಯಾಸ. ಅಪ್ರೆಂಟಿಸ್ ಶೋ. ಆ ಬೋರ್ಡ್‌ರೂಂ ಕೂಡ ನಿಜದ್ದಲ್ಲ, ಟ್ರಂಪ್ ಟವರ್ ಒಳಗೆ ಹಾಕಿದ ಸೆಟ್ಟು. ತಮಾಷೆ ಅಂದ್ರೆ ಶೋ ಶುರುವಾದ ಅದೇ 2004ರ ನವೆಂಬರಲ್ಲಿ ಟ್ರಂಪ್ ಕ್ಯಾಸಿನೋ ಕಂಪನಿ ದಿವಾಳಿ ಅರ್ಜಿ ಹಾಕ್ತು. ನೋಡೋರಿಗೆ ಕಂಡಿದ್ದು ಕುರ್ಚಿ, ಅರ್ಜಿ ಅಲ್ಲ.

ಇದರ ಮೇಲೂ ರಾಜಕೀಯಶಾಸ್ತ್ರದೋರು ಕೆಲಸ ಮಾಡಿದಾರೆ, ಆ ಶೋ ಜಾಸ್ತಿ ನೋಡಿದ ಕಡೆ 2016ರ ರಿಪಬ್ಲಿಕನ್ ಪ್ರೈಮರೀಲಿ ಟ್ರಂಪ್ ಓಟು ಜಾಸ್ತಿ ಅಂತ. ಮತ್ತೆ ಪ್ರೈಮರಿ ನೋಡಿ. ಹದಿನೇಳು ಜನ ನಿಂತಿದ್ರು, ಹದಿನಾರು ಜನ ಬರೀ ರಾಜಕಾರಣಿಗಳ ಥರ ಕಂಡ್ರು, ಒಬ್ಬ ಮನೆ ಟಿವಿಯಿಂದ ಎದ್ದು ಬಂದಂಗಿದ್ದ.

ಮಸಾಲೆಪುರಿ_ಮೈಸೂರು
ಅಂದ್ರೆ ಶಿಫಾರಸ್ಸಿಗೆ ಬೆಲೆ ಇಲ್ಲ, ಸ್ವತಃ ಪಾತ್ರ ಆಗ್ಬೇಕು ಅಂತೀರಾ. ರೇಗನ್ ಥರ?

ನ್ಯೂಜೆರ್ಸಿ_ನಾಗರತ್ನ
ರೇಗನ್ ಕೇಸ್ ಬೇರೆ ಪುಟ್ಟಾ. ಎಲ್ರೂ "ಸಿನಿಮಾ ನಟ ಅಧ್ಯಕ್ಷ ಆದ" ಅಂತ ಒಂದೇ ಉಸಿರಲ್ಲಿ ಹೇಳ್ಬಿಡ್ತಾರೆ. ನಟರ ಸಂಘದ ಅಧ್ಯಕ್ಷ ಆಗಿ ವರ್ಷಗಟ್ಟಲೆ ಸ್ಟುಡಿಯೋ ಮಾಲೀಕರ ಜೊತೆ ಚೌಕಾಸಿ ಮಾಡಿ, ಕ್ಯಾಲಿಫೋರ್ನಿಯಾ ಗವರ್ನರ್ ಆಗಿ ಎಂಟು ವರ್ಷ ಇದ್ದು, 1976ರಲ್ಲಿ ಪಕ್ಷದ ಟಿಕೆಟ್ ಸಿಗದೆ ಸೋತು, ಆಮೇಲೆ 1980ರಲ್ಲಿ ಗೆದ್ದೋರು.

ರೇಗನ್ ಅಂದ್ರೆ ನಮ್ಮ ರಾಜ್ಯದ್ದೇ ಒಂದು ಕಥೆ ಇದೆ. 1984 ಸೆಪ್ಟೆಂಬರ್, ಹ್ಯಾಮಂಟನ್ ಅಂತ ಊರು, ಬ್ಲೂಬೆರಿ ಬೆಳೆಯೋ ಕಡೆ. ಅಲ್ಲಿ ಭಾಷಣ ಮಾಡ್ತಾ ನಿಮ್ಮ ನ್ಯೂಜೆರ್ಸಿಯೋರೇ ಆದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡಲ್ಲಿ ಆಶಾವಾದ ಇದೆ ಅನ್ನೋ ಅರ್ಥದಲ್ಲಿ ಹೊಗಳಿದ್ರು. ಆಗ 'ಬಾರ್ನ್ ಇನ್ ದ ಯು.ಎಸ್.ಎ.' ಎಲ್ಲಾ ಕಡೆ ಓಡ್ತಿತ್ತು. ಅದರ ಕೋರಸ್ ಕೇಳಿದ್ರೆ ಮುಷ್ಟಿ ಎತ್ತಿ ಜೈ ಅನ್ನೋಣ ಅನ್ಸುತ್ತೆ, ಚರಣ ಕೇಳಿದ್ರೆ ವಿಯೆಟ್ನಾಂನಿಂದ ವಾಪಸ್ ಬಂದು ಕೆಲಸ ಸಿಗದೆ ಅಲೆಯೋನ ಗೋಳು. ಸ್ಪ್ರಿಂಗ್‌ಸ್ಟೀನ್‌ಗೆ ಹಿಡಿಸಲಿಲ್ಲ, ಕೆಲವೇ ದಿನದಲ್ಲಿ ಸ್ಟೇಜ್ ಮೇಲಿಂದಲೇ ಕುಟುಕಿದ್ರು. ಆದ್ರೆ ಏನಾಯ್ತು? ರೇಗನ್ 49 ರಾಜ್ಯ ಗೆದ್ರು. ಕೋರಸ್ ಕೇಳಿದೋರೇ ಜಾಸ್ತಿ ಅಂತಾಯ್ತು.

ಸುಮ್ನೆ_ಓದೋನು
ನಮ್ಮಲ್ಲೂ ರಾಜ್ಯೋತ್ಸವಕ್ಕೆ ಪಲ್ಲವಿ ಮಾತ್ರ ಹಾಕಿ ವಾಲ್ಯೂಮ್ ಇಳಿಸ್ತಾರೆ. ಎರಡನೇ ಚರಣ ಯಾರ್ ಕೇಳಿದಾರೆ.

ಹುಬ್ಬಳ್ಳಿ_ಗಿರ್ಮಿಟ್
ಹಾಡಿನ ಮಾತು ಬಂತಂತ ಕೇಳತೇನಿ, ಟ್ರಂಪ್ ರ‍್ಯಾಲಿಯಾಗ ಹಾಡ ಹಾಕಬ್ಯಾಡ್ರಿ ಅಂತ ಹಾಡುಗಾರ ಎಲ್ಲಾ ಕೇಸ್ ಹಾಕತಾರಲ್ಲ, ರೊಕ್ಕಾ ಕೊಟ್ಟು ಲೈಸೆನ್ಸ್ ತಗೊಂಡ ಮ್ಯಾಲೂ ಹೆಂಗ ತಡೀತಾರ?

ಅಂಕಿಸಂಖ್ಯೆ_ಆಚಾರ್
ಅಲ್ಲಿ ಬಿಎಂಐ, ಆಸ್ಕ್ಯಾಪ್ ಅಂತ ಸಂಸ್ಥೆಗಳು ಲಕ್ಷಾಂತರ ಹಾಡಿಗೆ ಒಟ್ಟಿಗೆ ಲೈಸೆನ್ಸ್ ಕೊಡ್ತವೆ. ಸ್ಟೇಡಿಯಂಗೆ, ಹೋಟೆಲ್‌ಗೆ ಒಂದು ಥರ, ರಾಜಕೀಯ ಪ್ರಚಾರಕ್ಕೆ ಇನ್ನೊಂದು ಥರ. ಪ್ರಚಾರದ ಲೈಸೆನ್ಸಲ್ಲಿ ಹಾಡು ಬರೆದೋರು ಬೇಡ ಅಂದ್ರೆ ಆ ಹಾಡನ್ನ ಪಟ್ಟಿಯಿಂದ ತೆಗೆಯೋ ಅವಕಾಶ ಇದೆ. 2020ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಗೇ ತೆಗೆಸಿದ್ದು. ಐಸಾಕ್ ಹೇಯ್ಸ್ ಅಂತ ತೀರಿಕೊಂಡ ಹಾಡುಗಾರರ ಕುಟುಂಬ 2024ರಲ್ಲಿ ಕೋರ್ಟಿಗೇ ಹೋಗಿ ಸೆಪ್ಟೆಂಬರಲ್ಲಿ ತಡೆ ತಂತು. ಉಲ್ಟಾನೂ ಇದೆ, 'ವೈ.ಎಂ.ಸಿ.ಎ.' ಹಾಡಿನ ವಿಕ್ಟರ್ ವಿಲ್ಲಿಸ್ 2020ರಲ್ಲಿ ನಿಲ್ಸಿ ಅಂದಿದ್ರು, ಆಮೇಲೆ ಹಾಡು ಮತ್ತೆ ಚಾರ್ಟ್ ಏರಿ ದುಡ್ಡು ಬರಕ್ಕೆ ಶುರುವಾದ ಮೇಲೆ ಪರವಾಗಿಲ್ಲ ಅಂದ್ರು, 2025 ಜನವರಿಯಲ್ಲಿ ಅವ್ರ ತಂಡನೇ ಹೋಗಿ ಟ್ರಂಪ್ ಮುಂದೆ ಹಾಡಿ ಬಂತು.

ಮಂಡ್ಯ_ಕಬ್ಬು
ಅಣ್ಣ ಇಷ್ಟೊತ್ತು ಓದ್ದೆ. ಸ್ಟಾರಿಂದ ಓಟು ಬೀಳಲ್ಲ ಅಂತೀರಲ್ಲ, ಒಸಿ ನಮ್ ಕಡೆ ಬನ್ನಿ. 2019, ಸುಮಲತಾ ಮೇಡಮ್ಮು ಪಕ್ಷೇತರ ನಿಂತ್ರು, ಯಶ್ಶು ದರ್ಶನ್ನು ಜೋಡೆತ್ತು ಅಂತ ಬಿಸಿಲಲ್ಲಿ ಹಳ್ಳಿಹಳ್ಳಿ ಸುತ್ತಿದ್ರು, ಆ ಕಡೆ ಮುಖ್ಯಮಂತ್ರಿ ಮಗ. 1 ಲಕ್ಷದ 25 ಸಾವಿರದ ಮೇಲೆ ಲೀಡು. ಇದಕ್ಕೇನಂತೀರಾ?

ತಟ್ಟೆಇಡ್ಲಿ_ತುಮಕೂರು
ಅದಾಗಿ ನಾಕು ವರ್ಷಕ್ಕೆ ಸುದೀಪ್ ಬೊಮ್ಮಾಯಿ ಪರ ರಾಜ್ಯ ಸುತ್ತಿದ್ರಲ್ಲ, ಸುದೀಪ್ ಸಿನಿಮಾ, ಆಡ್ ಎಲ್ಲ ತಡೀರಿ ಅಂತ ಆಯೋಗಕ್ಕೆ ದೂರೂ ಹೋಗಿತ್ತು. 224ರಲ್ಲಿ ಬಂದಿದ್ದು 66. ನಾನು ಅವ್ರ ಫ್ಯಾನೇ, ಆದ್ರೂ ಹೇಳ್ತೀನಿ.

ನ್ಯೂಜೆರ್ಸಿ_ನಾಗರತ್ನ
ಮಂಡ್ಯದಲ್ಲಿ ಸುಮಲತಾ ಅವರೇ ಕ್ಯಾಂಡಿಡೇಟು, ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ, ಬಿಜೆಪಿ ಕ್ಯಾಂಡಿಡೇಟ್ ಹಾಕದೆ ಬೆಂಬಲ ಕೊಟ್ಟಿತ್ತು. ಜೋಡೆತ್ತು ಗಾಡಿ ಎಳೆದ್ವು ನಿಜ, ಗಾಡಿ ಆಗ್ಲೇ ಇಳಿಜಾರಲ್ಲಿತ್ತು. ನಮ್ಮಮ್ಮನ ತವರು ಮದ್ದೂರು ಕಡೆ, ಕಥೆ ಎಲ್ಲ ಫೋನಲ್ಲಿ ಕೇಳಿದೀನಿ.

ಮಂಡ್ಯ_ಕಬ್ಬು
ಮದ್ದೂರಾ! ಮೊದ್ಲೇ ಯೋಳ್ಬಾರ್ದಾ ಅಕ್ಕ. ಅಂಗಾರೆ ನೀವ್ ಯೋಳಿದ್ದೇ ಸರಿ ಬುಡಿ.

ಕುಡ್ಲದ_ಬೊಂಡ
ಒಂದು ನಿಮಿಷದಲ್ಲಿ ಪಕ್ಷಾಂತರ ಆಯ್ತಲ್ಲ ಮಾರಾಯ 😆

ಮಸಾಲೆಪುರಿ_ಮೈಸೂರು
ತಂಗಿ ಪಕ್ಕದಲ್ಲೇ ಕೂತು ಓದ್ತಿದಾಳೆ. ಅವಳದ್ದೊಂದು ಪಾಯಿಂಟು: ಪಾತ್ರನೇ ಮುಖ್ಯ ಅಂದ್ರೆ ಕಾಮಿಡಿ ಶೋಗಳು ಒಬ್ಬರ ಪಾತ್ರ ಕೆಡಿಸಬಹುದಲ್ವಾ. "2008ರಲ್ಲಿ ರಿಪಬ್ಲಿಕನ್ ಉಪಾಧ್ಯಕ್ಷ ಅಭ್ಯರ್ಥಿ ಆಗಿದ್ದ ಸಾರಾ ಪೇಲಿನ್ ನಮ್ಮ ಮನೆಯಿಂದ ರಷ್ಯಾ ಕಾಣುತ್ತೆ ಅಂತ ಹೇಳಿದ್ರಂತೆ, ಅದ್ರಿಂದಲೇ ಸೋತಿದ್ದು" ಅಂತಾಳೆ.

ಅಂಕಿಸಂಖ್ಯೆ_ಆಚಾರ್
ನೋಡಿ ಇದೇ ದೊಡ್ಡ ಉದಾಹರಣೆ! ಪೇಲಿನ್ ಹಾಗೆ ಹೇಳೇ ಇಲ್ಲ. 2008 ಸೆಪ್ಟೆಂಬರಲ್ಲಿ ಟಿವಿ ಸಂದರ್ಶನದಲ್ಲಿ ಹೇಳಿದ್ದು ಅಲಾಸ್ಕಾದ ಒಂದು ದ್ವೀಪದಿಂದ ರಷ್ಯಾ ಕಾಣುತ್ತೆ ಅಂತ, ಅದು ಭೂಗೋಳದ ಪ್ರಕಾರ ಸರಿನೇ. 'ನಮ್ಮ ಮನೆಯಿಂದ' ಅಂದಿದ್ದು ಸ್ಯಾಟರ್ಡೇ ನೈಟ್ ಲೈವ್ ಅನ್ನೋ ಕಾಮಿಡಿ ಶೋನಲ್ಲಿ ಪೇಲಿನ್ ವೇಷ ಹಾಕಿದ್ದ ಟೀನಾ ಫೇ. ಮೈಸೂರಲ್ಲಿ 2008ರಲ್ಲಿ ಇನ್ನೂ ಕಣ್ಣು ಬಿಡ್ತಿದ್ದ ಮಗು ಇವತ್ತು ಅಣಕದ ಮಾತನ್ನ ಅಸಲಿ ಅಂದ್ಕೊಂಡಿದೆ ಅಂದ್ರೆ ನೀವೇ ಲೆಕ್ಕ ಹಾಕಿ.

ಮಸಾಲೆಪುರಿ_ಮೈಸೂರು
ಅವಳು ಗೂಗಲ್ ಮಾಡಿ ನೋಡಿ ಸುಮ್ಮನಾದ್ಲು. ಐತಿಹಾಸಿಕ ಕ್ಷಣ.

ತಟ್ಟೆಇಡ್ಲಿ_ತುಮಕೂರು
ಈ ಲೇಟ್ ನೈಟ್ ಕಾಮಿಡಿಯನ್‌ಗಳದ್ದೇ ಎಲ್ಲ ಕಿತಾಪತಿ. ಕಿಮ್ಮೆಲ್‌ನ ಎತ್ತಿ ಹೊರಗೆ ಹಾಕಿದ್ದು ಸರಿಯಾಗಿತ್ತು.

ನ್ಯೂಜೆರ್ಸಿ_ನಾಗರತ್ನ
ಸರಿಯಾಗಿತ್ತಾ? ಅವರ ಜೋಕ್ ನಂಗೂ ಹಿಡಿಸಲ್ಲ, ಆದ್ರೆ ಟಿವಿ ಲೈಸೆನ್ಸ್ ನೋಡ್ಕೊಳ್ಳೋ ಎಫ್‌ಸಿಸಿ ಮುಖ್ಯಸ್ಥ ಬ್ರೆಂಡನ್ ಕಾರ್ ಬಹಿರಂಗವಾಗಿ ಎಚ್ಚರಿಕೆ ಕೊಡ್ತಾರೆ, ಅವತ್ತೇ ಚಾನೆಲ್ ಶೋ ನಿಲ್ಸುತ್ತೆ, 2025 ಸೆಪ್ಟೆಂಬರ್ 17. ಟ್ರಂಪ್ ಪಕ್ಷದ ಸೆನೆಟರ್ ಟೆಡ್ ಕ್ರೂಝ್ ಕೂಡ ಇದು ಅಪಾಯದ ದಾರಿ ಅಂದ್ರು. 23ಕ್ಕೆ ಶೋ ವಾಪಸ್ ಬಂತು. ನಾಳೆ ನಿಮಗೆ ಬೇಡದ ಸರ್ಕಾರ ಬಂದು ನಿಮಗೆ ಬೇಕಾದ ಶೋ ನಿಲ್ಸಿದ್ರೆ?

ತಟ್ಟೆಇಡ್ಲಿ_ತುಮಕೂರು
ಡಾಲರ್ ಎಣಿಸ್ಕೊಂಡು ಕೂತಿರೋರಿಗೆ ಅಲ್ಲಿಂದ ಪಾಠ ಮಾಡೋದು ಸುಲಭ. ಊರು ಬಿಟ್ಟು

[ಕಾಮೆಂಟಿನ ಉಳಿದ ಭಾಗ ತೆಗೆಯಲಾಗಿದೆ]

ಮಾಡರೇಟರ್
ತುಮಕೂರಿನೋರೇ, ವಾದ ಮಾಡಿ, ಊರು ಕೇರಿ ವೀಸಾ ಎಳೀಬೇಡಿ. ಇದು ಮೊದಲ ವಾರ್ನಿಂಗು. ಮಂಡಕ್ಕಿ ತಿನ್ನೋರು ತುಪ್ಪ ಸುರೀಬೇಡಿ.

ಸುಮ್ನೆ_ಓದೋನು
ನಾನೇನ್ ಮಾಡಿದೆ ಸಾರ್

ತಟ್ಟೆಇಡ್ಲಿ_ತುಮಕೂರು
ಸಾರಿ ನಾಗರತ್ನಮ್ಮ. ಬಾಯಿ ಜಾರ್ತು. ಕಾಮಿಡಿಯನ್ ವಿಷ್ಯದಲ್ಲಿ ನನ್ ಅಭಿಪ್ರಾಯ ಬದಲಾಗಿಲ್ಲ, ಆದ್ರೆ ಸರ್ಕಾರ ಬೆದರಿಸ್ಬಾರ್ದು ಅನ್ನೋದು ಒಪ್ಕೋತೀನಿ.

ನ್ಯೂಜೆರ್ಸಿ_ನಾಗರತ್ನ
ಇರ್ಲಿ ಬಿಡಪ್ಪ. ಡಾಲರ್ ಎಣಿಸೋ ಕೆಲಸ ಸಿಕ್ರೆ ಹೇಳು, ನಾನೂ ಅರ್ಜಿ ಹಾಕ್ತೀನಿ.

ಅಂಕಿಸಂಖ್ಯೆ_ಆಚಾರ್
ಎಫ್‌ಸಿಸಿ ಬಂತಲ್ಲ, ಒಂದು ವಿಷಯ ಹೇಳಿ ಮುಗಿಸ್ತೀನಿ, ನನಗೆ ಇದ್ರಲ್ಲಿ ಬಹಳ ಆಸಕ್ತಿ. 1934ರ ಕಾಯ್ದೇಲಿ ಸಮಾನ ಸಮಯ ಅಂತ ನಿಯಮ ಇದೆ, ಪ್ರಸಾರ ಕೇಂದ್ರ ಒಬ್ಬ ಅಭ್ಯರ್ಥಿಗೆ ಸಮಯ ಕೊಟ್ರೆ ಎದುರಾಳಿ ಕೇಳಿದಾಗ ಅವರಿಗೂ ಕೊಡ್ಬೇಕು. ಸುದ್ದಿಗೆ, ಸುದ್ದಿ ಸಂದರ್ಶನಕ್ಕೆ 1959ರಿಂದ ವಿನಾಯ್ತಿ, ಮನರಂಜನೆಗೆ ಇಲ್ಲ. ಇದೇ ನಿಯಮಕ್ಕೆ ಹೆದರಿ ರೇಗನ್ ಚುನಾವಣೆಗೆ ನಿಂತಾಗ ಟಿವಿ ಸ್ಟೇಷನ್‌ಗಳು ಅವರ ಹಳೇ ಸಿನಿಮಾ ಹಾಕೋದು ಬಿಟ್ವು, ಚಿಂಪಾಂಜಿ ಜೊತೆ ನಟಿಸಿದ ಸಿನಿಮಾ ಹಾಕಿದ್ರೂ ಎದುರಾಳಿಗೆ ಸಮಯ ಕೊಡ್ಬೇಕಲ್ಲ! 2024 ನವೆಂಬರ್ 2ಕ್ಕೆ ಕಮಲಾ ಸ್ಯಾಟರ್ಡೇ ನೈಟ್ ಲೈವ್‌ನಲ್ಲಿ ಒಂದೂವರೆ ನಿಮಿಷ ಕಾಣಿಸ್ಕೊಂಡಿದ್ದಕ್ಕೆ ಮಾರನೇ ದಿನ ಅದೇ ಚಾನೆಲ್ ಕಾರ್ ರೇಸ್ ಮಧ್ಯ, ಫುಟ್‌ಬಾಲ್ ಮ್ಯಾಚ್ ಜೊತೆ ಟ್ರಂಪ್‌ಗೆ ಸಮಯ ಕೊಟ್ಟು ಸರಿಮಾಡ್ತು.

ಈಗ ಇದರ ಪಕ್ಕ ಇನ್ನೊಂದು ಇಡಿ. ಅಕ್ಟೋಬರ್ 25, ಟೆಕ್ಸಸ್. ಹ್ಯೂಸ್ಟನ್‌ನಲ್ಲಿ ಕಮಲಾ ರ‍್ಯಾಲಿಗೆ ಬಿಯಾನ್ಸೆ ಬಂದ್ರು, ಹಾಡ್ತಾರೆ ಅಂತ ಜನ ಕಾದಿದ್ರು, ಮಾತಾಡಿ ಹೋದ್ರು, ಹಾಡಲಿಲ್ಲ. ಅದೇ ದಿನ, ಅದೇ ರಾಜ್ಯ, ಆಸ್ಟಿನ್‌ನಲ್ಲಿ ಟ್ರಂಪ್ ಜೋ ರೋಗನ್ ಪಾಡ್‌ಕಾಸ್ಟಲ್ಲಿ ಸುಮಾರು ಮೂರು ಗಂಟೆ ಕೂತು ಹರಟೆ ಹೊಡೆದ್ರು, ಮಿಶಿಗನ್ ರ‍್ಯಾಲಿಗೆ ಗಂಟೆಗಟ್ಟಲೆ ಲೇಟಾಗಿ ಹೋದ್ರು, ಚಳೀಲಿ ಕಾದು ಕೆಲವರು ಎದ್ದೂ ಹೋದ್ರು. ಆ ಮೂರು ಗಂಟೆಗೆ ಸಮಾನ ಸಮಯ ಅನ್ನೋ ನಿಯಮ ಅನ್ವಯನೇ ಆಗಲ್ಲ, ಪಾಡ್‌ಕಾಸ್ಟು ಪ್ರಸಾರ ಅಲ್ಲ. ಒಂದೂವರೆ ನಿಮಿಷಕ್ಕೆ ಕಾನೂನು ಓಡಿ ಬರುತ್ತೆ, ಮೂರು ಗಂಟೆ ಅದಕ್ಕೆ ಕಾಣಲ್ಲ. ಟೆಕ್ಸಸ್ ಹೇಗಿದ್ರೂ ಟ್ರಂಪ್‌ದೇ, 13-14 ಪಾಯಿಂಟ್ ಅಂತರ, ಹಾಗಾಗಿ ಎರಡರಲ್ಲಿ ಯಾವುದು ಓಟ್ ತಂತು ಅಂತ ನಾನು ಹೇಳ್ತಿಲ್ಲ. ಆದ್ರೆ ಬಿಯಾನ್ಸೆ ಬಂದಿದ್ದು ಅತಿಥಿಯಾಗಿ. ರೋಗನ್ ಎದುರು ಟ್ರಂಪ್ ಕೂತಿದ್ದು ಜಗಲಿ ಕಟ್ಟೆ ಮೇಲೆ ಊರೋರ ಜೊತೆ ಕೂತಂಗೆ.

ಹುಬ್ಬಳ್ಳಿ_ಗಿರ್ಮಿಟ್
ಕಮಲಾ ಅಕ್ಕಾರು ಅದರಾಗ ಯಾಕ ಕುಂದರಲಿಲ್ಲ?

ಅಂಕಿಸಂಖ್ಯೆ_ಆಚಾರ್
ಮಾತುಕತೆ ಆಗಿತ್ತು. ಜಾಗ, ಸಮಯ ಹೊಂದಲಿಲ್ಲ. ಆಸ್ಟಿನ್‌ಗೇ ಬರಬೇಕು ಅಂತ ರೋಗನ್, ಬೇರೆ ಕಡೆ ಒಂದು ಗಂಟೆ ಮಾತ್ರ ಅಂತ ಇವರು, ಇದು ರೋಗನ್ ಹೇಳಿದ ಪ್ರಕಾರ. ಎಲೆಕ್ಷನ್ ಹಿಂದಿನ ದಿನ ರೋಗನ್ ಟ್ರಂಪ್‌ಗೆ ಅಂತ ಹೇಳಿಯೂ ಬಿಟ್ರು.

ಕುಡ್ಲದ_ಬೊಂಡ
ಇಷ್ಟೆಲ್ಲ ಆದ ಮೇಲೆ ನಮ್ಮ ಬೆಳಗಾವಿಯವರದ್ದು ಒಂದು ಹೇಳದಿದ್ರೆ ಹೇಗೆ. ಶ್ರೀ ಥಾಣೇದಾರ್, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. 2018ರಲ್ಲಿ ಮಿಶಿಗನ್ ಗವರ್ನರ್ ಆಗ್ಲಿಕ್ಕೆ ಡೆಮಾಕ್ರಟಿಕ್ ಪ್ರೈಮರಿಗೆ ನಿಂತು ಕೈಯಿಂದ ಕೋಟಿಗಟ್ಟಲೆ ಸುರಿದ್ರು, ಟಿವಿ ಹಾಕಿದ್ರೆ ಅವರದ್ದೇ ಜಾಹೀರಾತು. ಮೂರನೇ ಸ್ಥಾನ. ಆಮೇಲೆ 2020ರಲ್ಲಿ ರಾಜ್ಯದ ಶಾಸನಸಭೆ, 2022ರಲ್ಲಿ ಡೆಟ್ರಾಯ್ಟಿನಿಂದ ಸೀದಾ ಅಮೆರಿಕದ ಸಂಸತ್ತು. ಅಲ್ಲಿ ಯಾವ ಹಾಡುಗಾರ ಬಂದಿದ್ದ?

ಹುಬ್ಬಳ್ಳಿ_ಗಿರ್ಮಿಟ್
ಡೆಟ್ರಾಯ್ಟ್! ಟ್ರಂಪ್ ಆ ಮಾಲೀಕನ ತಲಿ ಬೋಳಿಸಿದ ಊರ! ಎಲ್ಲಾ ಅಲ್ಲೇ ಬಂದ ನಿಂದರತೈತಿ ನೋಡ್ರಿ.

ಮಂಡ್ಯ_ಕಬ್ಬು
ಬೆಳಗಾವಿಯೋರು ಅಮೆರಿಕಾದಲ್ಲಿ ಎಂಪಿ, ಮರಾಠೀನಾ ಕನ್ನಡಾನಾ ಅಂತ ಜಗಳ ಶುರು ಮಾಡ್ಬೇಡ್ರಪ್ಪ ಇಲ್ಲಿ

ಮಾಡರೇಟರ್
ಆ ಕಾಮೆಂಟ್ ಬಂದ ತಕ್ಷಣ ಥ್ರೆಡ್ ಲಾಕ್. ಮೊದಲೇ ಹೇಳಿದೀನಿ.

ಮಸಾಲೆಪುರಿ_ಮೈಸೂರು
ಲಾಕ್ ಆಗೋ ಮುಂಚೆ ಮನೆ ವರದಿ. ಚಿಕ್ಕಪ್ಪಂಗೆ ಎಲ್ಲ ಓದಿ ಹೇಳ್ದೆ. "ನಾನು ಹೇಳಿದ್ದೇ ಅಲ್ವಾ" ಅಂದ್ರು. ತಂಗಿನೂ "ನಾನು ಹೇಳಿದ್ದೇ ಅಲ್ವಾ" ಅಂದ್ಲು. ಇಬ್ರೂ ಬೇರೆಬೇರೆ ಕಾಮೆಂಟ್ ಹಿಡ್ಕೊಂಡು ಕೂತಿದಾರೆ. ತಂಗಿ ಇನ್ನೊಂದು ಕೇಳಿದಾಳೆ, ಜೆರ್ಸಿ ಆಂಟಿ ಮಗಳ ಹತ್ರ ಬ್ರೇಸ್‌ಲೆಟ್ ಒಂದು ಎಕ್ಸ್‌ಟ್ರಾ ಇದ್ಯಾ ಅಂತ.

ನ್ಯೂಜೆರ್ಸಿ_ನಾಗರತ್ನ
ಒಂದಲ್ಲ, ಶೂ ಡಬ್ಬ ತುಂಬ ಇದೆ. ಡಿಸೆಂಬರಲ್ಲಿ ಮೈಸೂರಿಗೆ ಬರ್ತೀವಿ, ತರ್ತೀನಿ ಅಂತ ಹೇಳು.

ಸುಮ್ನೆ_ಓದೋನು
ಎಲ್ಲ ಸರಿ, ಯುಜಿಡಿ ಏನಾಯ್ತು?

ಮಸಾಲೆಪುರಿ_ಮೈಸೂರು
ಹರೀತಾನೇ ಇದೆ.